ಒಂದೊಂದೂ ಚೆಂದ, ಒಟ್ಟಿಗೆ ಇಟ್ಟರೆ ಸಪ್ಪೆ: ಚಿತ್ರಕ್ಕೆ ಸಂಯೋಜನೆ ಬರುವುದು ಎಲ್ಲಿಂದ?

ಪ್ರಶ್ನೆ: ನಮಸ್ಕಾರ ಮಾಸ್ಟ್ರೇ. ನಾವು ಕಾಸರಗೋಡಿನ ಬದಿಯಡ್ಕದ ಹತ್ತಿರದವರು. ಮಗಳು ಒಂಬತ್ತನೇ ಕ್ಲಾಸು. ಅವಳಿಗೆ ಚಿತ್ರ ಅಂದರೆ ಜೀವ. ತೆಂಗಿನ ಮರ, ದನ, ಮನೆ, ಯಕ್ಷಗಾನದ ವೇಷ, ಯಾವುದನ್ನು ಬೇಕಾದರೂ ನೋಡಿ ಹಾಗೇ ಬಿಡಿಸುತ್ತಾಳೆ. ಆದರೆ ಒಂದು ಪೂರ್ತಿ ದೃಶ್ಯ ಬರೆಯಲು ಕೂತರೆ ಸಪ್ಪೆಯಾಗುತ್ತದೆ. ಕಲೋತ್ಸವದ ಜಲವರ್ಣ ಸ್ಪರ್ಧೆಯಲ್ಲಿ ತೀರ್ಪುಗಾರರು "ಡ್ರಾಯಿಂಗ್ ಚೆನ್ನಾಗಿದೆ, ಕಾಂಪೋಸಿಷನ್ ಇಲ್ಲ" ಅಂದರಂತೆ. ಯೂಟ್ಯೂಬ್ ನೋಡಿದರೆ ಒಬ್ಬರು ರೂಲ್ ಆಫ್ ಥರ್ಡ್ಸ್ ಅನ್ನುತ್ತಾರೆ, ಇನ್ನೊಬ್ಬರು ಗೋಲ್ಡನ್ ರೇಷಿಯೋ ಅನ್ನುತ್ತಾರೆ. ಅವಳಿಗೆ ಗೊಂದಲ ಜಾಸ್ತಿಯಾಗಿದೆ. ಅವಳು ಬರೆದ ಅನಂತಪುರ ದೇವಸ್ಥಾನದ ಚಿತ್ರದ ಫೋಟೋ ಕಳಿಸಿದ್ದೇನೆ. ಎಲ್ಲಿಂದ ಶುರು ಮಾಡಬೇಕು? ಮುಂದೆ ಇದನ್ನೇ ಓದುತ್ತೇನೆ ಅನ್ನುತ್ತಾಳೆ, ಅದಕ್ಕೇನು ದಾರಿ?

ಉತ್ತರ: ಫೋಟೋವನ್ನು ದೊಡ್ಡದು ಮಾಡಿ ನಿಧಾನವಾಗಿ ನೋಡಿದೆ. ನಿಮ್ಮ ಮಗಳ ಕೈ ಗಟ್ಟಿಯಿದೆ. ಮೆಟ್ಟಿಲ ಕಲ್ಲುಗಳ ಅಂಚು ಸವೆದಿರುವುದನ್ನೂ ಬಿಟ್ಟಿಲ್ಲ. ಮಾಡಿನ, ಅಂದರೆ ಛಾವಣಿಯ, ಇಳಿಜಾರು ಸರಿಯಾಗಿ ಬಂದಿದೆ. ತೆಂಗಿನ ಗರಿಗಳೆಲ್ಲ ಗಾಳಿಗೆ ಒಂದೇ ಕಡೆ ವಾಲಿವೆ. ಈ ವಯಸ್ಸಿಗೆ ಇಷ್ಟು ಗಮನ ಇರುವುದು ದೊಡ್ಡ ವಿಷಯ. ಹಾಗಾಗಿ ತೀರ್ಪುಗಾರರ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ. ಅವರು ಹೇಳಿದ್ದು ಸರಿಯೇ, ಆದರೆ ಅರ್ಧಕ್ಕೆ ನಿಲ್ಲಿಸಿದರು. ಉಳಿದರ್ಧ ನಾನು ಹೇಳುತ್ತೇನೆ.

ಆ ಚಿತ್ರವನ್ನೇ ಎದುರಿಗೆ ಇಟ್ಟುಕೊಳ್ಳಿ. ಹಾಳೆಯ ನಟ್ಟನಡುವೆ ದೇವಸ್ಥಾನ. ಮೇಲರ್ಧ ಆಕಾಶ, ಕೆಳಗರ್ಧ ಕೆರೆ. ಎಡಕ್ಕೊಂದು ಮರ, ಬಲಕ್ಕೊಂದು ಮರ, ಎರಡೂ ಒಂದೇ ಎತ್ತರ. ಹಿಂದಿನ ತೆಂಗಿನ ಮರವೊಂದು ಸರಿಯಾಗಿ ಮಾಡಿನ ತುದಿಯಿಂದಲೇ ಹುಟ್ಟಿ ಮೇಲೆ ಹೋದ ಹಾಗೆ ಕಾಣುತ್ತದೆ. ಮೇಲೆ ಸೂರ್ಯ, ಅದರ ಪಕ್ಕ ಹಕ್ಕಿಗಳ ಸಾಲು. ಸೇತುವೆ ಮೇಲೆ ಭಟ್ರು. ಕೆಳಗೆ ಬಲಮೂಲೆಯಲ್ಲಿ ಮೊಸಳೆ. ಇದರಲ್ಲಿ ಒಂದನ್ನೂ ಕೆಟ್ಟದಾಗಿ ಬರೆದಿಲ್ಲ. ತೊಂದರೆ ಏನೆಂದರೆ, ಎಲ್ಲವನ್ನೂ ಒಂದೇ ಪ್ರೀತಿಯಿಂದ, ಒಂದೇ ಗಾಢತೆಯಲ್ಲಿ, ಒಂದೇ ಚೂಪಿನಲ್ಲಿ ಬರೆದಿದ್ದಾಳೆ. ನೋಡುವವರ ಕಣ್ಣಿಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗುವುದಿಲ್ಲ. ಸೂರ್ಯನಿಂದ ಮೊಸಳೆಗೆ, ಅಲ್ಲಿಂದ ಹಕ್ಕಿಗೆ ಓಡುತ್ತದೆ. ಸ್ವಲ್ಪ ಹೊತ್ತಿಗೆ ಸುಸ್ತಾಗಿ ಹಾಳೆಯಿಂದ ಹೊರಗೆ ಬಂದುಬಿಡುತ್ತದೆ. "ಸಪ್ಪೆ" ಅಂತ ನಿಮಗೆ ಅನಿಸಿದ್ದು ಇದೇ.

ಕಾಂಪೋಸಿಷನ್, ಅಂದರೆ ಸಂಯೋಜನೆಯ, ಮೊದಲ ಪಾಠ ಇಲ್ಲಿದೆ. ಈ ಚಿತ್ರದಲ್ಲಿ ಮುಖ್ಯ ಯಾವುದು ಅಂತ ಬರೆಯುವ ಮೊದಲೇ ತೀರ್ಮಾನ ಮಾಡಬೇಕು. ಉಳಿದ ಎಲ್ಲವೂ ಅದಕ್ಕೆ ಜಾಗ ಬಿಟ್ಟುಕೊಡಬೇಕು. ರೂಲ್ ಆಫ್ ಥರ್ಡ್ಸ್, ಗೋಲ್ಡನ್ ರೇಷಿಯೋ, ಲೀಡಿಂಗ್ ಲೈನ್, ಬ್ಯಾಲೆನ್ಸ್ ಎಲ್ಲವೂ ಈ ತೀರ್ಮಾನ ಆದಮೇಲೆ ಬೇಕಾಗುವ ಉಪಕರಣಗಳು. ತೀರ್ಮಾನ ಇಲ್ಲದೆ ಅವನ್ನು ಕಲಿತರೆ ಏನೂ ಉಪಯೋಗವಿಲ್ಲ. ಮಕ್ಕಳಿಗೆ ಹಾಳೆ ಮೇಲೆ ಒಂಬತ್ತು ಚೌಕ ಹಾಕಿಸಿ ಅದರಲ್ಲಿ ಮರ ಕೂರಿಸುವುದನ್ನು ಹೇಳಿಕೊಡುತ್ತಾರಲ್ಲ, ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಇನ್ನು ಕೆಲಸಕ್ಕೆ ಬರೋಣ. ಒಮ್ಮೆ ಬೆಳಿಗ್ಗೆ ಮಗಳನ್ನು ಅನಂತಪುರಕ್ಕೆ ಕರೆದುಕೊಂಡು ಹೋಗಿ. ಬಣ್ಣ ಬೇಡ. ಗಾಢವಾಗಿ ಬರೆಯುವ ಒಂದು 6ಬಿ ಪೆನ್ಸಿಲು, ಒಂದು ಸಣ್ಣ ಪುಸ್ತಕ ಸಾಕು. ಕೆರೆಯ ದಡದಲ್ಲಿ ನಿಂತು ಕಣ್ಣನ್ನು ಅರ್ಧ ಮುಚ್ಚಿ ಕಿರಿದು ಮಾಡಿ ನೋಡಲಿ. ಆಗ ಹೆಂಚು, ಗರಿ, ಕಲ್ಲಿನ ಸಂದು ಎಲ್ಲ ಮಾಯವಾಗುತ್ತವೆ. ಉಳಿಯುವುದು ಮೂರು ನಾಲ್ಕು ದೊಡ್ಡ ಆಕಾರ: ಒಂದು ಗಾಢ, ಒಂದು ನಡುವಣದ್ದು, ಒಂದು ತಿಳಿ. ಚಿತ್ರದ ಅಸ್ಥಿಪಂಜರ ಇದೇ. ದೂರದಿಂದ, ಕೋಣೆಯ ಆ ಕಡೆಯಿಂದ ಒಂದು ಚಿತ್ರ ನಮ್ಮನ್ನು ಕರೆಯುವುದು ಈ ಆಕಾರಗಳಿಂದಲೇ. ವಿವರಗಳು ಹತ್ತಿರ ಬಂದಮೇಲಿನ ಮಾತು.

ಅನಂತಪುರದ ಕೆರೆ ಇದನ್ನು ಕಲಿಯಲು ಒಳ್ಳೆಯ ಜಾಗ. ಸುತ್ತ ಕೆಂಪುಕಲ್ಲಿನ ಬೋಳು ಗುಡ್ಡ, ತಗ್ಗಿನಲ್ಲಿ ಕೆರೆ, ಕೆರೆಯ ನಡುವೆ ಗುಡಿ. ನೀರನ್ನು ಅವಳು ಪೂರ್ತಿ ಒಂದೇ ನೀಲಿಯಲ್ಲಿ ತುಂಬಿದ್ದಾಳೆ. ನಿಜವಾಗಿ ಹಾಗಿರುವುದಿಲ್ಲ. ಕಾಲಬುಡದ ನೀರನ್ನು ನಾವು ಮೇಲಿಂದ ಕೆಳಗೆ ನೋಡುತ್ತೇವೆ. ಅಲ್ಲಿ ಬೆಳಕು ಒಳಗೆ ಇಳಿಯುತ್ತದೆ, ನಮಗೆ ಕಾಣುವುದು ಆಳದ ಕಪ್ಪು ಹಸಿರು. ದೂರದ ನೀರನ್ನು ಓರೆಯಾಗಿ ನೋಡುತ್ತೇವೆ. ನೋಟ ಓರೆಯಾದಷ್ಟೂ ನೀರು ಆಕಾಶವನ್ನು ಜಾಸ್ತಿ ಪ್ರತಿಫಲಿಸುತ್ತದೆ, ಆದ್ದರಿಂದ ಅಲ್ಲಿ ತಿಳಿಯಾಗಿರುತ್ತದೆ. ಅಂದರೆ ಹತ್ತಿರ ಗಾಢ, ದೂರ ತಿಳಿ. ಆ ತಿಳಿ ನೀರಿಗೆ ಎದುರಾಗಿ ಗುಡಿಯ ಗಾಢ ನೆರಳಿನ ಬದಿ ಬಂದರೆ, ಕಣ್ಣು ಬೇರೆ ಎಲ್ಲಿಗೂ ಹೋಗುವುದಿಲ್ಲ. ಇನ್ನೊಂದು ಸಣ್ಣ ವಿಷಯ: ನೀರಿನಲ್ಲಿ ಕಾಣುವ ಪ್ರತಿಬಿಂಬ ಮೇಲಿನದರ ತದ್ರೂಪು ಅಲ್ಲ. ಸಾಮಾನ್ಯವಾಗಿ ಗಾಢವಾದದ್ದು ನೀರಿನಲ್ಲಿ ಸ್ವಲ್ಪ ತಿಳಿಯಾಗಿ, ತಿಳಿಯಾದದ್ದು ಸ್ವಲ್ಪ ಗಾಢವಾಗಿ ಕಾಣುತ್ತದೆ. ಅಷ್ಟು ವ್ಯತ್ಯಾಸ ತೋರಿಸಿದರೆ ಗುಡಿ ಮತ್ತು ಅದರ ಪ್ರತಿಬಿಂಬ ಒಂದಕ್ಕೊಂದು ಜಗಳಾಡುವುದಿಲ್ಲ.

ಅಲ್ಲೇ ಕೂತು ಬೆಂಕಿಪೊಟ್ಟಣದ ಅಳತೆಯ ಚೌಕಗಳಲ್ಲಿ ನಾಲ್ಕೈದು ಪುಟ್ಟ ಸ್ಕೆಚ್ ಹಾಕಲಿ. ಇದಕ್ಕೆ ಥಂಬ್‌ನೇಲ್ ಅನ್ನುತ್ತೇವೆ. ಬರೀ ಮೂರು ಛಾಯೆ: ಗಾಢ, ನಡುವಣದ್ದು, ತಿಳಿ. ಕಿಟಕಿ ಬೇಡ, ಎಲೆ ಬೇಡ. ಒಂದರಲ್ಲಿ ಗುಡಿ ತಿಳಿ, ಹಿಂದಿನ ಮರ ಗಾಢ. ಇನ್ನೊಂದರಲ್ಲಿ ಗುಡಿ ಗಾಢ, ನೀರು ಬೆಳ್ಳಗೆ. ಒಂದರಲ್ಲಿ ಗುಡಿ ಚಿಕ್ಕದು, ಎದುರಿನ ಕಲ್ಲಿನ ಮೆಟ್ಟಿಲು ದೊಡ್ಡದು. ಮತ್ತೊಂದು, ಹಾಳೆಯನ್ನು ಉದ್ದಕ್ಕೆ ನಿಲ್ಲಿಸಿ ಬರೆದದ್ದು. ಅಷ್ಟು ಚಿಕ್ಕ ಚೌಕದಲ್ಲಿ ವಿವರ ತುಂಬಲು ಜಾಗವೇ ಇರುವುದಿಲ್ಲ, ಅದೇ ಅದರ ಲಾಭ. ಒಂದೊಂದಕ್ಕೆ ಎರಡು ಮೂರು ನಿಮಿಷ ಸಾಕು. ಯಾವುದು ಕೈ ಚಾಚಿ ಹಿಡಿದರೂ ಸ್ಪಷ್ಟವಾಗಿ ಕಾಣುತ್ತದೋ ಅದನ್ನೇ ದೊಡ್ಡ ಹಾಳೆಗೆ ಏರಿಸಬೇಕು. ಮನೆಯಲ್ಲಿ ಪರೀಕ್ಷೆ ಮಾಡಲು ಇನ್ನೂ ಸುಲಭ ದಾರಿ ಇದೆ. ಬರೆದ ಚಿತ್ರದ ಫೋಟೋ ತೆಗೆದು ಫೋನಿನಲ್ಲಿ ಕಪ್ಪು ಬಿಳುಪು ಮಾಡಿ ನೋಡಿ. ನೀವು ಕಳಿಸಿದ್ದನ್ನು ನಾನು ಹಾಗೆ ಮಾಡಿದೆ. ಇಡೀ ಹಾಳೆ ಒಂದೇ ಬೂದು. ಕೆರೆ, ಮರ, ಮಾಡು ಎಲ್ಲ ಒಂದರಲ್ಲೊಂದು ಕರಗಿಹೋದವು. ಬಣ್ಣ ಬೇರೆ ಬೇರೆ ಇದೆ, ಆದರೆ ಛಾಯೆ ಒಂದೇ.

ಛಾಯೆಯ ಶಕ್ತಿ ಎಷ್ಟು ಅಂತ ಅವಳಿಗೆ ತೋರಿಸಬೇಕಾದರೆ ದೂರ ಹೋಗಬೇಕಾಗಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರು ನಾವು. ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷವನ್ನು, ಅಂದರೆ ರಾಕ್ಷಸನ ವೇಷವನ್ನು, ಅದನ್ನು ಕಟ್ಟುವ ಚೌಕಿಯಲ್ಲಿ ಕೂತು ಒಮ್ಮೆ ಪೂರ್ತಿ ನೋಡಲಿ. ಮುಖಕ್ಕೆ ಕೆಂಪು, ಕಪ್ಪು ಬಳಿದು, ಅದರ ಮೇಲೆ ಅಕ್ಕಿಹಿಟ್ಟು ಸುಣ್ಣ ಸೇರಿಸಿದ ಚುಟ್ಟಿಯನ್ನು ಸಾಲುಸಾಲಾಗಿ ಮುಳ್ಳಿನ ಹಾಗೆ ಎಬ್ಬಿಸುತ್ತಾರೆ. ಗಂಟೆಗಟ್ಟಲೆ ಹಿಡಿಯುವ ಕೆಲಸ. ಈಗ ಟ್ಯೂಬ್‌ಲೈಟ್ ಇದೆ. ಹಿಂದೆ ದೊಂದಿಯ ಬೆಳಕಿನಲ್ಲಿ, ಗದ್ದೆಯ ಆ ತುದಿಯಲ್ಲಿ ಕೂತವನಿಗೂ ರಾಕ್ಷಸನ ಮುಖ ಓದಲು ಸಿಗಬೇಕಿತ್ತು. ಗಾಢದ ಮೇಲೆ ಬಿಳಿಯ ಚುಟ್ಟಿ ಇಟ್ಟರೆ ಮಂದ ಬೆಳಕಿನಲ್ಲೂ ಕಾಣುತ್ತದೆ. ಕಣ್ಣಿನ ಸುತ್ತ ಕಪ್ಪು ಬಳಿದರೆ ಕಣ್ಣಿನ ಬಿಳಿ ಹೊಳೆಯುತ್ತದೆ. ಇಷ್ಟೆಲ್ಲ ಅಲಂಕಾರದ ನಡುವೆಯೂ ನೀವು ನೋಡುವುದು ಆ ಎರಡು ಕಣ್ಣುಗಳನ್ನೇ, ಅಲ್ವಾ? ವಿವರ ಜಾಸ್ತಿ ಇರುವುದೇ ತಪ್ಪು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಿವರಗಳೆಲ್ಲ ಒಂದು ಕಡೆಗೆ ದುಡಿಯುತ್ತಿದ್ದರೆ ಎಷ್ಟಿದ್ದರೂ ಸರಿ. ಭೂತಾರಾಧನೆಯ ಕೋಲದಲ್ಲಿ ಭೂತದ ಬೆನ್ನಿಗೆ ಕಟ್ಟುವ ಅಣಿಯನ್ನೂ ಹೀಗೇ ನೋಡಬಹುದು. ಅದರ ಕಡ್ಡಿ, ಗರಿಗಳೆಲ್ಲ ಹರಡಿಕೊಂಡಿದ್ದರೂ ಅವುಗಳ ಬುಡ ಇರುವುದು ಮುಖದ ಹಿಂದೆ. ಎಲ್ಲಿಂದ ನೋಡಲು ಶುರು ಮಾಡಿದರೂ ಕಣ್ಣು ಕೊನೆಗೆ ಮುಖಕ್ಕೆ ಬರುತ್ತದೆ. ಲೀಡಿಂಗ್ ಲೈನ್ ಅಂತ ಯೂಟ್ಯೂಬಿನಲ್ಲಿ ಹೇಳುವುದು ಇದನ್ನೇ.

ಇನ್ನು ತೆಗೆದುಹಾಕುವ ವಿಷಯ. ಮಕ್ಕಳಿಗೆ ಇದು ತುಂಬಾ ಕಷ್ಟ. ಕಷ್ಟಪಟ್ಟು ಕಲಿತದ್ದನ್ನು ಹಾಕದೆ ಬಿಡುವುದು ಹೇಗೆ? ಡಚ್ ಕಲಾವಿದ ವರ್ಮೀರ್ ಬರೆದ ಹಾಲು ಸುರಿಯುವ ಹೆಂಗಸಿನ ಚಿತ್ರವನ್ನು ಅವಳಿಗೆ ತೋರಿಸಿ. 1660ರ ಆಸುಪಾಸಿನದ್ದು, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್‌ನಲ್ಲಿದೆ. ಉದ್ದಗಲ ಅರ್ಧ ಮೀಟರಿಗಿಂತಲೂ ಕಡಿಮೆ. ಹೆಂಗಸಿನ ಹಿಂದೆ ಬರೀ ಬಿಳಿ ಗೋಡೆ, ಕೆಲವು ಮೊಳೆಯ ತೂತು, ಅಷ್ಟೇ. ಆದರೆ ವಿಶೇಷ ಕ್ಯಾಮೆರಾಗಳಿಂದ ಬಣ್ಣದ ಕೆಳಪದರ ನೋಡಿದಾಗ ಗೊತ್ತಾದದ್ದು ಬೇರೆ. ಆ ಗೋಡೆಯ ಜಾಗದಲ್ಲಿ ಮೊದಲು ಹೂಜಿಗಳನ್ನು ತೂಗುಹಾಕುವ ಹಲಗೆ ಇತ್ತು. ಕೆಳಗೆ ಒಂದು ದೊಡ್ಡ ಬುಟ್ಟಿ ಇತ್ತು. ವರ್ಮೀರ್ ಎರಡನ್ನೂ ಶುರು ಮಾಡಿ, ಆಮೇಲೆ ಬಣ್ಣ ಬಳಿದು ಮುಚ್ಚಿಬಿಟ್ಟ. ಅವು ಹೋದಮೇಲೆ ಉಳಿದದ್ದು ಆ ಹೆಂಗಸು, ಆ ಹಾಲಿನ ಸಣ್ಣ ಧಾರೆ. ಖಾಲಿ ಗೋಡೆ ಇರುವುದರಿಂದಲೇ ಧಾರೆ ಕಾಣುತ್ತದೆ.

ಖಾಲಿ ಜಾಗ ಅಂದರೆ ಬರೆಯಲು ಗೊತ್ತಾಗದೆ ಬಿಟ್ಟ ಜಾಗ ಅಂತ ನಮ್ಮ ಕಡೆ ಅನೇಕರು ತಿಳಿದಿದ್ದಾರೆ. ಸ್ಪರ್ಧೆಯಲ್ಲಂತೂ ಬಿಳಿ ಕಂಡರೆ ಮಕ್ಕಳಿಗೆ ಹೆದರಿಕೆ, ತಕ್ಷಣ ಹಕ್ಕಿ ಹಾಕುತ್ತಾರೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ತೋರಿಸಿ. ಕುಣಿಯುವವರನ್ನು ಕೆಲವೇ ಗೆರೆಗಳಲ್ಲಿ ಹಿಡಿದಿದ್ದಾರೆ. ಸುತ್ತ ಬರೀ ಕಾಗದ. ಆ ಕಾಗದವೇ ಕುಣಿಯುವವರಿಗೆ ಜಾಗ ಕೊಡುತ್ತದೆ.

ನಿಮ್ಮ ಮಗಳ ಚಿತ್ರದಿಂದ ನಾನು ತೆಗೆಯುವುದಾದರೆ ಮೊದಲು ಹಕ್ಕಿಗಳು, ಆಮೇಲೆ ಸೂರ್ಯ. ಮೊಸಳೆಯ ವಿಷಯ ಸ್ವಲ್ಪ ಯೋಚಿಸಬೇಕು. ಆ ಕೆರೆಯಲ್ಲಿದ್ದ ಮೊಸಳೆ ಬಬಿಯಾ ಎಲ್ಲರಿಗೂ ಪ್ರೀತಿಯದ್ದು, 2022ರಲ್ಲಿ ಅದು ಸತ್ತಾಗ ಊರಿಗೆ ಊರೇ ಬಂದು ನೋಡಿತು. ಅದನ್ನು ಹಾಕಬೇಕು ಅಂತ ಅವಳಿಗೆ ಆಸೆಯಿದ್ದರೆ ಖಂಡಿತ ಹಾಕಲಿ. ಆದರೆ ಆಗ ಚಿತ್ರ ಮೊಸಳೆಯದ್ದಾಗುತ್ತದೆ, ಗುಡಿ ಹಿನ್ನೆಲೆಗೆ ಹೋಗಬೇಕು. ಪ್ರಾಣಿಯಾಗಲಿ ಮನುಷ್ಯನಾಗಲಿ, ಜೀವ ಇರುವುದನ್ನು ಮೂಲೆಯಲ್ಲಿ ಸುಮ್ನೆ ಇಟ್ಟು ಬಿಡಲು ಆಗುವುದಿಲ್ಲ. ಕಣ್ಣು ಅಲ್ಲಿಗೇ ಹೋಗುತ್ತದೆ.

ಇದು ನನ್ನ ಅಭಿಪ್ರಾಯ ಮಾತ್ರ ಅಲ್ಲ. ಆಲ್ಫ್ರೆಡ್ ಯಾರ್ಬಸ್ ಎಂಬ ರಷ್ಯದ ವಿಜ್ಞಾನಿ, ಚಿತ್ರ ನೋಡುವಾಗ ಕಣ್ಣು ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದನ್ನು ಯಂತ್ರ ಕಟ್ಟಿ ದಾಖಲಿಸಿದ. ಅವನ ಪುಸ್ತಕ 1967ರಲ್ಲಿ ಇಂಗ್ಲಿಷಿಗೆ ಬಂತು. ಅವನು ಬಳಸಿದ್ದು ರೆಪಿನ್ ಎಂಬ ಕಲಾವಿದನ ಒಂದು ಚಿತ್ರ. ಬಹುಕಾಲ ದೂರವಿದ್ದ ಒಬ್ಬ ಮನುಷ್ಯ ಹೇಳದೆ ಕೇಳದೆ ಮನೆಗೆ ಬಂದು ನಿಂತಿದ್ದಾನೆ, ಮನೆಯವರು ತಿರುಗಿ ನೋಡುತ್ತಿದ್ದಾರೆ. ಸುಮ್ನೆ ನೋಡಿ ಅಂದಾಗ ಕಣ್ಣುಗಳು ಮುಖಗಳ ಮೇಲೆ, ಜನರ ಮೇಲೆ ಮತ್ತೆ ಮತ್ತೆ ನಿಂತವು. ಈ ಮನೆಯವರ ಸ್ಥಿತಿಗತಿ ಹೇಗಿದೆ ಅಂತ ಕೇಳಿದಾಗ ಬಟ್ಟೆ, ಪೀಠೋಪಕರಣಗಳ ಕಡೆ ಹೋದವು. ವಯಸ್ಸೆಷ್ಟು ಅಂತ ಕೇಳಿದಾಗ ಬರೀ ಮುಖಗಳಿಗೆ ಹೋದವು. ಕಣ್ಣು ನಾವು ಹಾಕಿದ ಗೆರೆ ಹಿಡಿದುಕೊಂಡು ಶಿಸ್ತಾಗಿ ನಡೆಯುತ್ತದೆ ಅನ್ನುವುದು ಅರ್ಧ ಸತ್ಯ. ಅದು ಅರ್ಥ ಇರುವ ಕಡೆಗೆ ಹಾರುತ್ತದೆ. ಆದ್ದರಿಂದ ಸೇತುವೆ ಮೇಲಿನ ಭಟ್ರು ಉಗುರಿನಷ್ಟೇ ಇದ್ದರೂ ಬಹಳ ದೊಡ್ಡ ಕೆಲಸ ಮಾಡುತ್ತಾರೆ. ಅವರು ಗುಡಿಯ ಬಾಗಿಲಿನ ಕಡೆಗೆ ನಡೆಯುತ್ತಿದ್ದರೆ ನಮ್ಮ ಕಣ್ಣೂ ಬಾಗಿಲಿಗೆ ಹೋಗುತ್ತದೆ. ಈಗ ಅವರು ಹಾಳೆಯ ಅಂಚಿನ ಕಡೆ ಮುಖ ಮಾಡಿ ಹೊರಗೆ ಹೋಗುತ್ತಿದ್ದಾರೆ, ನಾವೂ ಅವರ ಹಿಂದೆ ಹೊರಗೆ ಹೋಗುತ್ತಿದ್ದೇವೆ. ತಿರುಗಿಸಿದರೆ ಸಾಕು.

ಈಗ ರೂಲ್ ಆಫ್ ಥರ್ಡ್ಸ್. ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೂರು ಪಾಲು ಮಾಡಿ, ಗೆರೆಗಳು ಸೇರುವ ಜಾಗದಲ್ಲಿ ಮುಖ್ಯವಾದದ್ದನ್ನು ಇಡಬೇಕು ಅಂತ ಈಗ ಹೇಳುತ್ತಾರೆ. ಈ ಹೆಸರು ಇಟ್ಟವನು ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ, 1797ರಲ್ಲಿ, ಹಳ್ಳಿಯ ನೋಟಗಳನ್ನು ಬರೆಯುವ ಬಗ್ಗೆ ಹೇಳುತ್ತಾ. ಅವನ ಮಾತಿನ ತಿರುಳು ಸರಳ: ನೆಲ ಆಕಾಶ, ಬೆಳಕು ನೆರಳು, ಯಾವುದೂ ಸಮಪಾಲು ಆಗಬಾರದು. ಎರಡು ಪಾಲು ಒಂದಕ್ಕೆ, ಒಂದು ಪಾಲು ಇನ್ನೊಂದಕ್ಕೆ. ಇಷ್ಟು ತಿಳಿದರೆ ಸಾಕು. ನಿಮ್ಮ ಮಗಳ ಚಿತ್ರದಲ್ಲಿ ಆಕಾಶವೂ ನೀರೂ ಅರ್ಧರ್ಧ ಇವೆ. ನೀರು ಮುಖ್ಯವಾದರೆ ಎರಡೂ ಸೇರುವ ಗೆರೆಯನ್ನು ಮೇಲಕ್ಕೆ ಏರಿಸಿ ಆಕಾಶವನ್ನು ತೆಳ್ಳಗೆ ಮಾಡಲಿ. ಮಳೆಗಾಲದ ಮೋಡ ಮುಖ್ಯವಾದರೆ ಕೆಳಕ್ಕೆ ಇಳಿಸಲಿ.

ಆದರೆ ನಡುವೆ ಇಡಬಾರದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇಟಲಿಯ ಲಿಯೊನಾರ್ಡೊ ಡಾ ವಿಂಚಿ ಕೊನೆಯ ಭೋಜನದ ಚಿತ್ರದಲ್ಲಿ ಯೇಸುವನ್ನು ನಟ್ಟನಡುವೆಯೇ ಕೂರಿಸಿದ್ದಾನೆ. ಕೋಣೆಯ ಗೋಡೆ, ಮಾಡಿನ ಗೆರೆಗಳೆಲ್ಲ ಅವನ ತಲೆಯ ಹತ್ತಿರ ಬಂದು ಸೇರುತ್ತವೆ. ನಾಗಾರಾಧನೆಗೆ ನೆಲದ ಮೇಲೆ ಬರೆಯುವ ನಾಗಮಂಡಲವನ್ನೂ ನೋಡಿ. ಬಿಳಿ, ಕೆಂಪು, ಹಳದಿ, ಹಸಿರು, ಕಪ್ಪು ಐದೇ ಬಣ್ಣ, ಹಾವಿನ ಸುರುಳಿಗಳು ಎಡಬಲ ಒಂದೇ ಸಮ. ಅಲ್ಲಿ ಒಂದು ಸ್ಥಿರತೆ, ಒಂದು ಭಕ್ತಿ ಬೇಕು, ಅದನ್ನು ಸಮಪಾಲು ಕೊಡುತ್ತದೆ. ಅನಂತಪುರದ ಗುಡಿಯನ್ನು ಸೇತುವೆಯ ಎದುರಿಗೇ ನಿಂತು, ಶಾಂತವಾಗಿ, ಪ್ರತಿಬಿಂಬದ ಸಮೇತ ನಡುವೆ ಇಟ್ಟರೆ ಬಹಳ ಚೆಂದ ಬರಬಹುದು. ಹಾಗೆ ಮಾಡುವುದಾದರೆ ಪೂರ್ತಿ ಮಾಡಬೇಕು. ಅವಳದ್ದು ಗುಡಿ ನಡುವೆ, ಸೇತುವೆ ಓರೆ, ಸೂರ್ಯ ಒಂದು ಕಡೆ. ಅದಕ್ಕೇ ಎರಡೂ ಆಗದೆ ಉಳಿಯಿತು. ಬದಿಗೆ ಇಟ್ಟು ತೂಗಿಸುವುದು ಹೇಗೆ ಅಂತ ನೋಡಬೇಕಾದರೆ ಜಪಾನಿನ ಹೊಕುಸಾಯಿಯ ದೊಡ್ಡ ಅಲೆಯ ಚಿತ್ರ ಇದೆ, 1831ರ ಹೊತ್ತಿನದ್ದು. ಎಡಕ್ಕೆ ರಾಕ್ಷಸ ಅಲೆ. ಅದರ ಬಾಗಿನ ಕೆಳಗೆ, ದೂರದಲ್ಲಿ, ಚಿಕ್ಕದಾಗಿ ಫ್ಯೂಜಿ ಬೆಟ್ಟ. ಅಷ್ಟು ಚಿಕ್ಕದಿದ್ದರೂ ಬೆಟ್ಟ ಅಲುಗುವುದಿಲ್ಲ, ಅಲೆಗೆ ಎದುರು ನಿಲ್ಲುತ್ತದೆ.

ಗೋಲ್ಡನ್ ರೇಷಿಯೋ, ಅಂದರೆ 1.618, ಸದ್ಯಕ್ಕೆ ಮರೆತುಬಿಡಿ. ಗಣಿತವಾಗಿ ಸೊಗಸಾದದ್ದು. ಆದರೆ ಹಳೆಯ ಚಿತ್ರಗಳ ಮೇಲೆ ಸುರುಳಿ ಗೆರೆ ಎಳೆದು ತೋರಿಸುವವರು ಹೆಚ್ಚಾಗಿ ತಮಗೆ ಬೇಕಾದ ಕಡೆಯಿಂದ ಅಳೆದಿರುತ್ತಾರೆ. ಒಂಬತ್ತನೇ ಕ್ಲಾಸಿನ ಹುಡುಗಿಯ ಸಮಯ ಅದಕ್ಕಿಂತ ದೊಡ್ಡದು.

ತಾಗಿಕೊಳ್ಳುವ ಅಂಚುಗಳ ಬಗ್ಗೆ ಒಂದು ಮಾತು. ಮಾಡಿನ ತುದಿಯಿಂದ ತೆಂಗಿನ ಮರ ಹುಟ್ಟಿದ್ದು ಇದೇ ಜಾತಿಯ ತಪ್ಪು. ಎರಡು ಆಕಾರ ಒಂದಕ್ಕೊಂದು ಬರೀ ತಾಗಿ ನಿಂತರೆ ಯಾವುದು ಮುಂದೆ, ಯಾವುದು ಹಿಂದೆ ಗೊತ್ತಾಗುವುದಿಲ್ಲ. ಒಂದೋ ಸರಿಯಾಗಿ ಒಂದರ ಹಿಂದೆ ಒಂದು ಹೋಗಲಿ, ಇಲ್ಲವೇ ನಡುವೆ ಜಾಗ ಬಿಡಲಿ. ನಿಂತ ಜಾಗದಿಂದ ಎರಡು ಹೆಜ್ಜೆ ಬದಿಗೆ ಸರಿದರೆ ಮರವೂ ಸರಿಯುತ್ತದೆ. ಫೋಟೋ ನೋಡಿ ಬರೆಯುವ ಮಕ್ಕಳಲ್ಲಿ ಈ ತಪ್ಪು ಜಾಸ್ತಿ, ಯಾಕೆಂದರೆ ಫೋಟೋದೊಳಗೆ ಸರಿಯಲು ಆಗುವುದಿಲ್ಲ.

ಕೊನೆಗೆ ಬಣ್ಣ. ನಮ್ಮ ಊರಿನ ನೆಲ ಕೆಂಪು, ಗಿಡಮರ ಹಸಿರು. ಇವೆರಡೂ ಒಂದರ ಪಕ್ಕ ಒಂದು ಬಂದರೆ ಒಂದನ್ನೊಂದು ಕೆರಳಿಸುತ್ತವೆ. ಶೆವ್ರೂಲ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ ಪ್ಯಾರಿಸಿನ ಗೋಬ್ಲೆ ಎಂಬ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಮೇಲ್ವಿಚಾರಕನಾಗಿದ್ದ. ಕಪ್ಪು ನೂಲಿಗೆ ಬಣ್ಣ ಸರಿಯಾಗಿ ಹಿಡಿದಿಲ್ಲ ಅಂತ ದೂರು ಬರುತ್ತಿತ್ತು. ಪರೀಕ್ಷೆ ಮಾಡಿದರೆ ನೂಲಿನಲ್ಲಿ ದೋಷವಿಲ್ಲ. ಪಕ್ಕದಲ್ಲಿ ನೇಯ್ದ ನೀಲಿಯಿಂದಾಗಿ ಕಪ್ಪು ಮಾಸಿದ ಹಾಗೆ ಕಾಣುತ್ತಿತ್ತು. ಬಣ್ಣ ಹೇಗೆ ಕಾಣಬೇಕು ಅಂತ ಅದರ ಪಕ್ಕದ ಬಣ್ಣ ತೀರ್ಮಾನಿಸುತ್ತದೆ ಎಂಬುದನ್ನು ಅವನು 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದು ವಿವರಿಸಿದ. ಆಮೇಲಿನ ಫ್ರೆಂಚ್ ಚಿತ್ರಕಾರರು ಅದನ್ನು ಚೆನ್ನಾಗಿ ಬಳಸಿಕೊಂಡರು.

ನಿಮ್ಮ ಮಗಳು ಕೆಂಪುಕಲ್ಲಿಗೆ ಟ್ಯೂಬಿನಿಂದ ಬಂದ ಕೆಂಪನ್ನೇ, ಮರಕ್ಕೆ ಟ್ಯೂಬಿನ ಹಸಿರನ್ನೇ ಹಚ್ಚಿದ್ದಾಳೆ. ಎರಡೂ ಕಿರುಚುತ್ತಿವೆ. ಹಸಿರಿಗೆ ಒಂದು ಚೂರು ಕೆಂಪು ಬೆರೆಸಿ ತಣ್ಣಗೆ ಮಾಡಲಿ, ಕಲ್ಲಿಗೆ ಸ್ವಲ್ಪ ಹಸಿರು ಬೆರೆಸಿ ಕಂದು ಮಾಡಲಿ. ಆಮೇಲೆ ಎಲ್ಲಿ ಕಣ್ಣು ನಿಲ್ಲಬೇಕೋ ಅಲ್ಲಿ ಮಾತ್ರ, ಒಂದು ಸಣ್ಣ ಜಾಗದಲ್ಲಿ, ಶುದ್ಧ ಕೆಂಪು ಇಡಲಿ. ಭಟ್ರ ಹೆಗಲ ಮೇಲಿನ ಶಾಲಿಗೆ ಇಟ್ಟರೂ ಆಯಿತು. ಅಷ್ಟು ಹಸಿರಿನ ನಡುವೆ ಆ ಚುಕ್ಕಿ ಉರಿಯುತ್ತದೆ. ಜಲವರ್ಣದಲ್ಲಿ ಬಿಳಿ ಅಂದರೆ ಕಾಗದವೇ, ಆದ್ದರಿಂದ ಎಲ್ಲಿ ಬಿಳಿ ಉಳಿಯಬೇಕು ಅಂತ ಬ್ರಶ್ ಮುಟ್ಟುವ ಮೊದಲೇ ಗೊತ್ತಿರಬೇಕು. ಅದಕ್ಕೂ ಆ ಬೆಂಕಿಪೊಟ್ಟಣದ ಸ್ಕೆಚ್ ಬೇಕು. ಸ್ಪರ್ಧೆಯಲ್ಲಿ ವಿಷಯ ಕೊಟ್ಟ ತಕ್ಷಣ ಪಕ್ಕದವರು ಬಣ್ಣ ಕಲಸಲು ಶುರು ಮಾಡಿದರೂ ಅವಳು ಹತ್ತು ನಿಮಿಷ ಅದಕ್ಕೇ ಕೊಡಲಿ.

ಮುಂದಿನ ಓದಿನ ಬಗ್ಗೆ ಕೇಳಿದ್ದೀರಿ. ಪ್ಲಸ್ ಟು ಆದಮೇಲೆ ಬಿಎಫ್ಎ, ಅಂದರೆ ಲಲಿತಕಲೆಯ ಪದವಿ, ಮಾಡಬಹುದು. ಕೇರಳದಲ್ಲಿ ತಿರುವನಂತಪುರ, ತೃಶ್ಶೂರು, ಮಾವೇಲಿಕ್ಕರಗಳಲ್ಲಿ ಸರ್ಕಾರಿ ಕಾಲೇಜುಗಳಿವೆ. ಕನ್ನಡದ ವಾತಾವರಣವೇ ಬೇಕು ಅಂದರೆ ಮಂಗಳೂರಿನಲ್ಲಿ ಮಹಾಲಸಾ, ಮೈಸೂರಿನಲ್ಲಿ ಚಾಮರಾಜೇಂದ್ರ ಅಕಾಡೆಮಿ ಇದೆ. ಪ್ರವೇಶ ಪರೀಕ್ಷೆ ಇರುವ ಕಡೆ ಸಾಮಾನ್ಯವಾಗಿ ಎದುರಿಗಿರುವ ವಸ್ತುವನ್ನು ನೋಡಿ ಬರೆಯಲು, ಕೊಟ್ಟ ವಿಷಯದ ಮೇಲೆ ಸಂಯೋಜನೆ ಮಾಡಲು ಹೇಳುತ್ತಾರೆ. ಮೊದಲನೆಯದಕ್ಕೆ ಅವಳು ಈಗಾಗಲೇ ತಯಾರಿದ್ದಾಳೆ. ಎರಡನೆಯದಕ್ಕೆ ಇನ್ನೂ ಮೂರು ವರ್ಷ ಕೈಯಲ್ಲಿದೆ. ಪುಟ್ಟ ಸ್ಕೆಚ್‌ಗಳ ಪುಸ್ತಕಗಳನ್ನು ತಾರೀಕು ಹಾಕಿ ಜೋಪಾನವಾಗಿ ಇಡಿ, ರದ್ದಿಗೆ ಹಾಕಬೇಡಿ. ಸಂದರ್ಶನದಲ್ಲಿ ಕೂತವನು ಫ್ರೇಮ್ ಹಾಕಿದ ಚಿತ್ರಕ್ಕಿಂತ ಮೊದಲು ಆ ಪುಸ್ತಕಗಳನ್ನು ಕೇಳಬಹುದು, ನಾನಾಗಿದ್ದರೆ ಅವನ್ನೇ ಕೇಳುತ್ತೇನೆ.